ಆಫೀಸಿಗೆ ಹೋಗುವ ನೀರು

ನೀರು ಸರಬರಾಜು ಇಲಾಖೆಯಲ್ಲಿ ಅವರ ಹುದ್ದೆಗೆ ಮಾದರಿ ಸಂಗ್ರಾಹಕ ಎಂದು ಹೆಸರು. ಆ ಹೆಸರಿನಿಂದ ಸಂಬಳದ ಚೀಟಿ ಬಿಟ್ಟರೆ ಬೇರೆ ಯಾರೂ ಅವರನ್ನು ಕರೆದದ್ದಿಲ್ಲ. ಊರಿಗೆಲ್ಲ ಅವರು ಬಾಟ್ಲಿ ಮೇಷ್ಟ್ರು. ಪಾಠ ಹೇಳಿದವರಲ್ಲ, ಬೆತ್ತ ಹಿಡಿದವರೂ ಅಲ್ಲ. ಆದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಮಾತಿಗೊಮ್ಮೆ 'ದಯವಿಟ್ಟು' ಎನ್ನುವ ಬಾಯಿ ಇಷ್ಟೂ ಇದ್ದ ಮೇಲೆ ಜನ ಇನ್ನೇನೆಂದು ಕರೆದಾರು? ಹೆಗಲಿಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹನ್ನೆರಡು ಗಾಜಿನ ಬಾಟಲಿ. ಪ್ರತಿ ಬುಧವಾರ ಹನ್ನೆರಡು ಮನೆಯ ನೀರು ಆ ಬಾಟಲಿಗಳಲ್ಲಿ ಕೂತು ಲ್ಯಾಬಿಗೆ ಹೋಗುತ್ತಿತ್ತು. ಅಲ್ಲಿಂದ 'ಕುಡಿಯಲು ಯೋಗ್ಯ' ಎಂಬ ಮೊಹರು ಹೊತ್ತ ಕಾಗದ ಪುರಸಭೆ ಅಧ್ಯಕ್ಷರ ಮೇಜಿಗೆ ಬರುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಬಾಟಲಿಯೂ ನಪಾಸಾಗಿರಲಿಲ್ಲ.

ನಿಯಮದ ಪುಸ್ತಕದಲ್ಲಿ ಎಲ್ಲ ಸ್ಪಷ್ಟವಾಗಿ ಬರೆದಿತ್ತು. ಮಾದರಿ ತೆಗೆಯುವವನು ನಲ್ಲಿಯ ಬಾಯನ್ನು ಬೆಂಕಿಯಿಂದ ಸುಡಬೇಕು, ಎರಡು ನಿಮಿಷ ನೀರು ಹರಿಯಲು ಬಿಡಬೇಕು, ಆಮೇಲೆ ತನ್ನ ಕೈಯಾರೆ ಬಾಟಲಿ ಹಿಡಿಯಬೇಕು. ಆದರೆ ಆ ಪುಸ್ತಕ ಬರೆದ ಮಹಾನುಭಾವರಿಗೆ ಅಡುಗೆಮನೆ ಎಂಬುದೊಂದು ಇರುತ್ತದೆ ಎಂದು ಗೊತ್ತಿರಲಿಲ್ಲವೋ ಏನೋ. ನಲ್ಲಿ ಇರುವುದು ಅಡುಗೆಮನೆಯಲ್ಲಿ. ಬೆಳಗ್ಗೆ ಹತ್ತು ಗಂಟೆಗೆ ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ, ಹೆಂಗಸರಿರುವ ಮನೆಯಲ್ಲಿ ಪರಗಂಡಸು ನಡುಮನೆ ದಾಟಿ ಅಡುಗೆಮನೆಗೆ ನುಗ್ಗುವುದೆಂದರೇನು? ಮೇಷ್ಟ್ರು ಹೊಸ್ತಿಲ ಹೊರಗೆ ನಿಂತು ಕೆಮ್ಮುತ್ತಿದ್ದರು. "ನೀರಿನವನು ಬಂದಿದ್ದೀನಮ್ಮಾ" ಎಂದು ಬಾಟಲಿಯನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟು, ಬೀದಿಯ ಕಡೆ ಮುಖ ತಿರುಗಿಸುತ್ತಿದ್ದರು. ಬಾಟಲಿ ಒಳಗೆ ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ತುಂಬಿ ಹೊರಗೆ ಬರುತ್ತಿತ್ತು. ಅಲ್ಲೇ ನಿಂತು ಒಂದಿಷ್ಟು ನೀರನ್ನು ಸಣ್ಣ ಗಾಜಿನ ಕೊಳವೆಗೆ ಬಗ್ಗಿಸಿ, ಎರಡು ಹನಿ ಔಷಧಿ ಹಾಕಿ, ಬಣ್ಣ ನೋಡಿ ಬರೆದುಕೊಳ್ಳುತ್ತಿದ್ದರು.

"ಮೇಷ್ಟ್ರು ಅಂದ್ರೆ ಮೇಷ್ಟ್ರು. ಒಂದು ದಿನ ತಲೆ ಎತ್ತಿ ಮನೆಯೊಳಗೆ ನೋಡಿದವರಲ್ಲ" ಎಂದು ಊರ ಹೆಂಗಸರು ಹೇಳುತ್ತಿದ್ದರು. ಈ ಮಾತು ಕಿವಿಗೆ ಬಿದ್ದ ದಿನ ಮೇಷ್ಟ್ರಿಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಊರೂ ಅವರಿಗೆ ತಕ್ಕಂಥದ್ದೇ. ಮನೆಗಳ ಮುಂದಿನ ಬೀದಿಯನ್ನು ದಿನಕ್ಕೆರಡು ಸಲ ಗುಡಿಸಿ ತೊಳೆಯುತ್ತಿದ್ದರು. ಬಾಗಿಲ ಮುಂದೆ ಒಂದು ಕಸಕಡ್ಡಿ ಕಂಡರೆ ಆ ಮನೆಯ ಹೆಣ್ಣಿಗೆ ಬೆಲೆ ಕಡಿಮೆ. ಹಿತ್ತಿಲ ಗೋಡೆಯ ಆಚೆಗೆ ಮಾತ್ರ ದೊಡ್ಡ ಚರಂಡಿ ಹರಿಯುತ್ತಿತ್ತು. ಮುಂದೆ ಗುಡಿಸಿದ್ದೆಲ್ಲ ಹಿಂದಿನ ಗೋಡೆ ಹಾರಿ ಅಲ್ಲಿ ಬೀಳುತ್ತಿತ್ತು, ಕಕ್ಕಸಿನ ಕೊಳವೆಗಳೂ ಅಲ್ಲಿಗೇ ಬಾಯಿ ಬಿಟ್ಟಿದ್ದವು. ನಲವತ್ತು ವರ್ಷದ ಹಿಂದೆ ಹಾಕಿದ ಕುಡಿಯುವ ನೀರಿನ ಪೈಪು ಆ ಚರಂಡಿಯೊಳಗೇ ಅರ್ಧ ಮೈಲಿ ಮಲಗಿಕೊಂಡು ಬರುತ್ತಿತ್ತು. ಇದು ಯಾರಿಗೆ ಗೊತ್ತಿರಲಿಲ್ಲ? ಎಲ್ಲರಿಗೂ ಗೊತ್ತಿತ್ತು. ಆದರೆ ಇನ್ನೊಬ್ಬರ ಹಿತ್ತಿಲು ಇಣುಕುವುದು ಒಳ್ಳೆಯ ಮನೆತನದವರ ಲಕ್ಷಣವಲ್ಲವಲ್ಲ, ಹಾಗಾಗಿ ಯಾರೂ ಇಣುಕಲಿಲ್ಲ.

ಲ್ಯಾಬಿಗೆ ಹೊಸದಾಗಿ ವರ್ಗವಾಗಿ ಬಂದ ಮೇಡಂಗೆ ಈ ಲಕ್ಷಣ ಅಷ್ಟಾಗಿ ಇರಲಿಲ್ಲ. ಬಂದು ಎರಡು ತಿಂಗಳಾಗಿತ್ತು. ಹಳೆಯ ರಿಜಿಸ್ಟರುಗಳನ್ನೆಲ್ಲ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಊಟದ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಂಡು ಓದುತ್ತಿದ್ದರು. ಒಂದು ಗುರುವಾರ ಮೇಷ್ಟ್ರನ್ನು ಕರೆದು ಎದುರಿಗೆ ಕುರ್ಚಿ ಹಾಕಿದರು.

"ಸರ್, ನನಗೊಂದು ಅರ್ಥ ಆಗ್ತಿಲ್ಲ. ನೀವೇ ಹೇಳಿಕೊಡ್ಬೇಕು. ಟ್ಯಾಂಕಿನ ಹತ್ರ ಕ್ಲೋರಿನ್ ಹಾಕ್ತಾರೆ, ನಾನೇ ಹೋಗಿ ನೋಡ್ಬಂದೆ. ನೀರು ಮನೆಗೆ ಬರೋ ಹೊತ್ತಿಗೆ ಸ್ವಲ್ಪನಾದ್ರೂ ಉಳ್ದಿರ್ಬೇಕು. ನೀವು ಹನಿ ಹಾಕಿದಾಗ ನೀರು ಹಳದಿ ಆಗ್ಬೇಕು. ಎಲ್ಲಾ ಕಡೆ ಸೊನ್ನೆ ಬರ್ದಿದ್ದೀರಲ್ಲ?"

"ಹಳದಿ ಆಗ್ಲಿಲ್ಲ, ಸೊನ್ನೆ ಬರ್ದೆ. ಇದ್ದದ್ದನ್ನ ಇದ್ದ ಹಾಗೆ ಬರೆಯೋನು ಮೇಡಂ ನಾನು."

"ಅಲ್ಲೇ ಇರೋದು ತೊಂದ್ರೆ. ಕ್ಲೋರಿನ್ ಪೂರ್ತಿ ಖಾಲಿ ಅಂದ್ರೆ ದಾರೀಲಿ ಏನೋ ಕೊಳೆ ಸೇರಿ ಅದನ್ನ ತಿಂದುಹಾಕಿದೆ ಅಂತ. ಹಾಗಿದ್ರೆ ರೋಗಾಣು ಸಿಗ್ಬೇಕು. ಅದೂ ಸೊನ್ನೆ. ಔಷಧಿನೂ ಇಲ್ಲ, ಹುಳಾನೂ ಇಲ್ಲ. ಅಂಥ ನೀರು ನನಗೆ ಗೊತ್ತಿರೋದು ಒಂದೇ ಸರ್, ಕುದಿಸಿದ ನೀರು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದು ಕೊಳೆಯಾಗಿರಲಿಲ್ಲ.

"ಬಾಟ್ಲಿ ತುಂಬೋದು ಯಾರು?"

"ಮನೆಯವರು."

"ನೀವು ಒಳಗೆ ಹೋಗಲ್ವಾ?"

"ಹೆಂಗಸರು ಇರೋ ಮನೆ ಮೇಡಂ!"

ಮೇಡಂ ಪೆನ್ನಿನ ತುದಿಯಿಂದ ಹಣೆ ಕೆರೆದುಕೊಂಡರು. "ಚರಂಡಿ ಕೊನೇಲಿರೋ ಬೀದೀಲಿ ಒಂಬತ್ತು ಜನಕ್ಕೆ ಕಾಮಾಲೆ ಆಗಿದೆ. ಆಸ್ಪತ್ರೆ ನರ್ಸು ಹೇಳಿದ್ರು. ಇದು ಒಂಬತ್ತಕ್ಕೇ ನಿಲ್ಲಲ್ಲ. ನಾನೂ ಹೆಂಗಸೇ ಅಲ್ವಾ, ನಾನೇ ಮನೆ ಮನೆಗೆ ಹೋಗ್ಲಾ?"

"ಬೇಡ ಬೇಡ. ನೀವು ಹೊಸಬರು, ಜನ ತಪ್ಪು ತಿಳ್ಕೋತಾರೆ. ನಾನೇ ಹಿಡ್ದು ತರ್ತೀನಿ."

"ಹನ್ನೆರಡೂ ಬೇಡ ಸರ್. ನಿಮ್ಮ ಕೈಯಾರೆ ನಲ್ಲಿಗೆ ಹಿಡಿದ ಬಾಟ್ಲಿ ಒಂದೇ ಒಂದು ಸಾಕು. ಅದನ್ನ ಇಟ್ಕೊಂಡು ನಾನು ಪೈಪು ಬಂದ್ ಮಾಡಿಸ್ತೀನಿ."

ಮರುದಿನ ಶುಕ್ರವಾರ. ಮೊದಲ ಮನೆ ಟೀಚರಮ್ಮನದು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅರ್ಧ ಊರಿಗೆ ಅಕ್ಷರ ಕಲಿಸಿದವರು, ಇನ್ನರ್ಧ ಊರಿನ ಕಿವಿ ಹಿಂಡಿದವರು. ಮೇಷ್ಟ್ರು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಟೀಚರಮ್ಮ ಬಾಟಲಿಗೆ ಕೈ ಚಾಚಿದಾಗ ಆ ಮಾತು ಅರ್ಧ ಮರೆತೇ ಹೋಯಿತು.

"ದಯವಿಟ್ಟು... ಇವತ್ತು ನಾನೇ ಹಿಡ್ಕೋಬಹುದಾ ಅಂತ. ನಲ್ಲಿ ಎಲ್ಲಿದೆ ತೋರ್ಸಿದ್ರೆ..."

ಟೀಚರಮ್ಮನ ಮುಖದ ನಗು ಹಾಗೆಯೇ ನಿಂತಿತು. "ಯಾಕೆ ಮೇಷ್ಟ್ರೆ? ನಮ್ಮನೆ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರಾ?"

"ಛೆ ಛೆ, ಅಂಥದ್ದೇನಿಲ್ಲ."

"ಹನ್ನೊಂದು ವರ್ಷ ನಾನು ಕೊಟ್ಟ ನೀರು ಸರಿಯಿತ್ತು. ಇವತ್ತು ನಮ್ಮ ಅಡುಗೆಮನೆ ಪರೀಕ್ಷೆ ಮಾಡ್ಬೇಕಾ?"

ಪಕ್ಕದ ಮನೆಯ ಕಿಟಕಿ ಅಷ್ಟು ಹೊತ್ತಿಗೆ ತೆರೆದುಕೊಂಡಿತ್ತು. ಮೇಷ್ಟ್ರ ಕಿವಿ ಕೆಂಪಾಯಿತು. ತಾವೇ ಏನೋ ಅಸಹ್ಯ ಮಾತಾಡಿಬಿಟ್ಟ ಹಾಗೆ ನಾಚಿಕೆಯಾಗಿ, ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಬೀದಿಯ ಕಡೆ ತಿರುಗಿ ನಿಂತರು. ತುಂಬಿದ ಬಾಟಲಿ ಕೈಗೆ ಬಂದಾಗ ಬೆಚ್ಚಗಿತ್ತು. ಅದು ಯಾವಾಗಲೂ ಬೆಚ್ಚಗೇ ಇರುತ್ತಿತ್ತು. ಬಿಸಿಲಿಗೆ ಪೈಪು ಕಾದಿರಬೇಕು ಎಂದು ಅವರು ಹನ್ನೊಂದು ವರ್ಷದಿಂದ ತಮಗೆ ತಾವೇ ಹೇಳಿಕೊಂಡಿದ್ದರು, ಮೋಡ ಕವಿದ ದಿನಗಳಲ್ಲೂ. ಎರಡನೆಯ ಮನೆಯಲ್ಲಿ ಅವರು ಕೇಳಲೇ ಇಲ್ಲ. ಮೂರನೆಯ ಮನೆಗೆ ಹೋಗಲೂ ಇಲ್ಲ.

ಹನ್ನೆರಡನೆಯ ಮನೆ ಅವರದೇ. ಅಲ್ಲಿ ಯಾರ ಹಂಗೂ ಇಲ್ಲವೆಂದುಕೊಂಡು ಮಧ್ಯಾಹ್ನ ಮನೆಗೆ ಬಂದರು. ಮನೆಯಲ್ಲಿ ಹೆಂಡತಿ, ಸೊಸೆ ಇಬ್ಬರೇ. ಮಗ ಲಾರಿ ಡ್ರೈವರು, ಹೊರಟರೆ ಹತ್ತು ದಿನಕ್ಕೆ ಬರುವವನು. ಸೊಸೆಗೆ ಎಂಟನೆಯ ತಿಂಗಳು ನಡೆಯುತ್ತಿತ್ತು. ಬಾಯಿ ಸುಮ್ಮನಿರದ ಹುಡುಗಿ. ಅತ್ತೆಯ ಗೊರಕೆಯನ್ನು ಅತ್ತೆಯ ಎದುರಿಗೇ ಅಣಕಿಸಿ ನಗಿಸುವಷ್ಟು ಸಲಿಗೆ. ಮಾವನ ಎದುರು ಮಾತ್ರ ತಲೆ ಬಗ್ಗಿಸಿ ನಿಲ್ಲುತ್ತಿದ್ದಳು, ಮೇಷ್ಟ್ರೂ ಅವಳಿರುವಾಗ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಹಾಗಾಗಿ ತಮ್ಮ ಮನೆಯ ಬಾಟಲಿಯನ್ನೂ ಅವರು ನಡುಮನೆಯ ಮೇಜಿನ ಮೇಲಿಟ್ಟು ಕಾಯುತ್ತಿದ್ದರು.

ಅಭ್ಯಾಸದಂತೆ ಅವತ್ತೂ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ಸೊಸೆ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಬಂದಳು.

"ಬಿಸಿ ಇದೆಯಲ್ಲಮ್ಮ ಇದು."

"ಮತ್ತಿನ್ನೇನು ಮಾವ, ಆಫೀಸಿಗೆ ಹೋಗೋ ನೀರಲ್ವಾ? ಹಾಗೇ ಹಿಡ್ದು ಕೊಡೋಕಾಗತ್ತಾ?" ಎಂದು ಅವಳು ನಕ್ಕಳು. "ಅತ್ತೆ ಹೇಳಿಕೊಟ್ಟಿದ್ದು. ಚೆನ್ನಾಗಿ ಕುದಿಸಿ, ಸೋಸಿ, ಆಮೇಲೆ ಬಾಟ್ಲಿಗೆ. ಎಲ್ಲರ ಮನೇಲೂ ಹೀಗೇ ಮಾಡೋದು. ನಮ್ಮನೆ ನೀರು ಲ್ಯಾಬಲ್ಲಿ ಕೆಟ್ಟ ಹೆಸರು ತಂದ್ರೆ ನಿಮ್ಮ ಮುಖ ಎಲ್ಲಿಡೋದು?"

"ಕುಡಿಯೋಕೂ ಕುದಿಸ್ತೀರಾ?"

"ಕುಡಿಯೋಕೆ ಯಾಕೆ? ನೀವೇ ಬೇಡ ಅಂದಿದ್ರಲ್ಲ ಮಾವ."

ಅಂದದ್ದು ನಿಜ. ಮೂರು ವರ್ಷದ ಹಿಂದಿನವರೆಗೆ ಹೆಂಡತಿ ದಿನಾ ಬೆಳಗ್ಗೆ ಒಂದು ದೊಡ್ಡ ಪಾತ್ರೆಯಲ್ಲಿ ಕುಡಿಯುವ ನೀರು ಕಾಯಿಸಿ ಆರಿಸುತ್ತಿದ್ದಳು. ಬಾಟ್ಲಿ ಮೇಷ್ಟ್ರ ಮನೆಯಲ್ಲೇ ನೀರು ಕುದಿಸಿ ಕುಡಿಯುತ್ತಾರಂತೆ ಎಂದು ಯಾರೋ ಗೋಡೆಯಾಚೆ ನಿಂತು ನಕ್ಕಿದ್ದರು. ಅವತ್ತು ಮೇಷ್ಟ್ರು ಹೆಂಡತಿಯ ಮೇಲೆ ರೇಗಿದ್ದರು. ಊರಿಗೆಲ್ಲ ನೀರು ಚೆನ್ನಾಗಿದೆಯೆಂದು ಬರೆದುಕೊಡುವವನ ಮನೆಯ ಒಲೆ ಮೇಲೆ ನಾಳೆಯಿಂದ ಆ ಪಾತ್ರೆ ಕಾಣಬಾರದು ಎಂದಿದ್ದರು. ಪಾತ್ರೆ ಅಟ್ಟ ಸೇರಿತು. ಬಾಟಲಿಗೆ ಕುದಿಸಿದ ನೀರು, ಹೊಟ್ಟೆಗೆ ಹಸಿ ನೀರು.

ಮೇಷ್ಟ್ರು ಇನ್ನೊಂದು ಖಾಲಿ ಬಾಟಲಿ ತೆಗೆದುಕೊಂಡು ನೇರವಾಗಿ ಅಡುಗೆಮನೆಯೊಳಗೆ ನಡೆದರು. ಸೊಸೆ ಗಾಬರಿಯಾಗಿ ಗೋಡೆಗೆ ಒತ್ತಿ ನಿಂತಳು. ಬೆಂಕಿಕಡ್ಡಿ ಗೀರಿ ನಲ್ಲಿಯ ಬಾಯಿ ಸುಟ್ಟು, ತಿರುಪು ತಿರುಗಿಸಿ, ಗಡಿಯಾರ ನೋಡುತ್ತ ನಿಂತರು. ಎರಡು ನಿಮಿಷ ಹರಿಯಬೇಕು. ಒಂದೂವರೆ ನಿಮಿಷವಾಗಿತ್ತೋ ಏನೋ, ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಧ್ಯಕ್ಷರು.

ಅಧ್ಯಕ್ಷರು ಗದರುವವರಲ್ಲ, ಬೆದರಿಸುವವರೂ ಅಲ್ಲ. ಬೆದರಿಸಿದ್ದರೆ ಮೇಷ್ಟ್ರು ಒಂದು ವೇಳೆ ಎದುರು ಮಾತಾಡುತ್ತಿದ್ದರೋ ಏನೋ.

"ಮೇಷ್ಟ್ರೆ, ಊಟ ಆಯ್ತಾ? ಸೊಸೆ ಚೆನ್ನಾಗಿದ್ದಾಳಾ? ಏನಿಲ್ಲ, ಲ್ಯಾಬಿನ ಮೇಡಂ ಏನೋ ತಲೆಬಿಸಿ ಮಾಡ್ಕೊಂಡಿದ್ದಾರಂತೆ. ಪಾಪ, ಹೊಸಬರು. ಸೋಮವಾರ ಸ್ವಚ್ಛ ಪಟ್ಟಣ ಪ್ರಶಸ್ತಿ ಸಮಿತಿ ಬರ್ತಿದೆ, ನಿಮಗೆ ಗೊತ್ತಲ್ಲ. ಅವರು ಹೋದ ಮೇಲೆ ಯಾವ ಬಾಟ್ಲಿ ಬೇಕಾದ್ರೂ ತುಂಬಿ, ಯಾವ ಪೈಪು ಬೇಕಾದ್ರೂ ಅಗೆಯೋಣ. ಮೂರು ದಿನ. ನಿಮ್ಮ ಮಾತು ಅಂದ್ರೆ ಊರಿಗೆ ಊರೇ ನಂಬತ್ತೆ, ಅದಕ್ಕೇ ನಿಮ್ಮನ್ನ ಕೇಳ್ಕೊಳ್ತಿದ್ದೀನಿ."

"ಆಗ್ಲಿ ಸರ್" ಎಂದರು ಮೇಷ್ಟ್ರು. ದೊಡ್ಡವರು ಕೇಳಿಕೊಂಡಾಗ ಬೇರೆ ಮಾತು ಅವರ ಬಾಯಿಗೆ ಬಂದದ್ದೇ ಇಲ್ಲ. ನಲ್ಲಿ ನಿಲ್ಲಿಸಿದರು. ಊರಿನಲ್ಲಿ ಮೊದಲ ಸಲ ನಪಾಸಾಗುವ ಬಾಟಲಿ ತಮ್ಮ ಮನೆಯದೇ ಆಗುವುದು ತಪ್ಪಿತೆಂದು ಒಳಗೊಳಗೇ ಒಂದು ಚೂರು ಸಮಾಧಾನವೂ ಆಯಿತು. ಅದನ್ನು ಮುಚ್ಚಿಡುವುದೇಕೆ, ಆಯಿತು.

"ನೋಡಮ್ಮ, ಇವತ್ತಿನಿಂದ ಕುಡಿಯೋ ನೀರನ್ನೂ ಕಾಯ್ಸು. ಬಸುರಿ ಹೆಂಗಸು, ಒಳ್ಳೇದು."

"ಕಿಟಕಿ ಮುಚ್ಕೊಂಡು ಕಾಯಿಸ್ಲಾ ಮಾವ?" ಎಂದು ಅವಳು ತುಂಟತನದಿಂದ ಮುಖ ಎತ್ತಿದಳು. ಕಿಟಕಿಯ ಬೆಳಕು ಅವಳ ಕಣ್ಣಿಗೆ ಬಿತ್ತು. ಕಣ್ಣಿನ ಬಿಳಿ ಭಾಗ ಬಿಳಿಯಾಗಿರಲಿಲ್ಲ.

ಮೇಷ್ಟ್ರು ಹಿತ್ತಿಲಿಗೆ ಹೋಗಿ ಹೆಂಡತಿಯನ್ನು ಕೇಳಿದರೆ ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ನಾಲ್ಕು ದಿನದಿಂದ ತಿಂದಿದ್ದೆಲ್ಲ ವಾಂತಿ. ಬಸುರಿ ಸುಸ್ತು ಅಂದ್ಕೊಂಡೆ. ನೆನ್ನೆ ಕಣ್ಣು ನೋಡ್ದೆ. ನಿಮಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ ಕಣ್ರೀ."

"ಆಸ್ಪತ್ರೆಗೆ..."

"ಆಸ್ಪತ್ರೇಲಿ ಹೆಸರು, ಮನೆ ನಂಬರು ಎಲ್ಲಾ ಬರ್ಕೋತಾರೆ. ಬಾಟ್ಲಿ ಮೇಷ್ಟ್ರ ಸೊಸೆಗೆ ಕಾಮಾಲೆ ಅಂತ ಸಂಜೆ ಹೊತ್ತಿಗೆ ಊರೆಲ್ಲ ಡಂಗುರ ಆಗತ್ತೆ. ನೀವು ಹೇಳಿ, ಹೋಗೋಣ್ವಾ?"

ಹೋಗೋಣ ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ಹೇಳಲು ಎಷ್ಟು ಉಸಿರು ಬೇಕು? ಮೇಷ್ಟ್ರು ಚರಂಡಿಯ ಕಡೆ ನೋಡುತ್ತ ನಿಂತರು. ಸಮಿತಿಯವರು ಮೊದಲು ಕೇಳುವುದೇ ಆಸ್ಪತ್ರೆಯ ರಿಜಿಸ್ಟರು. ಅದರಲ್ಲಿ ಮೊದಲು ಕಣ್ಣಿಗೆ ಬೀಳುವ ಹೆಸರು ತಮ್ಮ ಮನೆಯದಾದರೆ? ಅಧ್ಯಕ್ಷರಿಗೆ ಈಗಷ್ಟೇ ಮಾತು ಕೊಟ್ಟಾಗಿದೆ.

"ಸೋಮವಾರ ಕಳೀಲಿ" ಎಂದರು.

ಶನಿವಾರ ಸೊಸೆಗೆ ಯಾರೋ ಹೇಳಿದ ಸೊಪ್ಪಿನ ರಸ ಕುಡಿಸಿದರು. ಕುಡಿದದ್ದು ಕುಡಿದ ಹಾಗೆ ಹೊರಗೆ ಬಂತು. ಪಕ್ಕದ ಮನೆಯವರು ಕೇಳಿದರೆ, ಹೆರಿಗೆ ಹತ್ತಿರ ಬಂತಲ್ಲ, ನಿದ್ದೆ ಜಾಸ್ತಿ ಎಂದು ಹೆಂಡತಿ ಬಾಗಿಲಲ್ಲೇ ನಿಂತು ಸಾಗಹಾಕಿದಳು. ಭಾನುವಾರ ಸೊಸೆ ಮೈಯೆಲ್ಲ ಪರಚಿಕೊಳ್ಳತೊಡಗಿದಳು. ಅತ್ತೆಯನ್ನು ಅಮ್ಮ ಎಂದು ಕರೆದಳು. ಲಾರಿ ಬಂತಾ, ಲಾರಿ ಬಂತಾ ಎಂದು ಕೇಳಿದ್ದನ್ನೇ ಕೇಳಿದಳು. ಒಮ್ಮೆ ಎಚ್ಚರವಾದಾಗ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರನ್ನು ಕಂಡು ಎದ್ದು ಕೂರಲು ಹೋದಳು, ಮಾವನ ಎದುರು ಮಲಗಿರಬಾರದೆಂದು.

"ಮಲ್ಕೋಮ್ಮ, ಮಲ್ಕೋ" ಎಂದು ಹೇಳಿ ಮೇಷ್ಟ್ರು ಅಲ್ಲಿಂದ ಓಡಿದರು. ಜಗಲಿಯಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಇನ್ನೊಂದೇ ದಿನ ಎಂದು ಲೆಕ್ಕ ಹಾಕಿದರು. ಅಷ್ಟು ಭಯ ಅವರಿಗೆ ಜೀವಮಾನದಲ್ಲೇ ಆಗಿರಲಿಲ್ಲ, ಆದರೂ ಏಳಲಿಲ್ಲ.

ಸೋಮವಾರ ಸಮಿತಿ ಬಂತು. ಬೀದಿಗಳನ್ನು ನೋಡಿ ತಲೆದೂಗಿತು. ಅಧ್ಯಕ್ಷರು ಮೇಷ್ಟ್ರನ್ನು ಎಲ್ಲರ ಮುಂದೆ ನಿಲ್ಲಿಸಿ, "ಹನ್ನೊಂದು ವರ್ಷದಲ್ಲಿ ಒಂದು ಬಾಟ್ಲಿನೂ ಫೇಲಾಗಿಲ್ಲ, ಇವರೇ ನಮ್ಮೂರಿನ ಆಸ್ತಿ" ಎಂದರು. ಚಪ್ಪಾಳೆ ಬಿತ್ತು. ಲ್ಯಾಬ್ ಮೇಡಂ ಕೊನೆಯ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಮೇಷ್ಟ್ರು ಆ ಕಡೆ ನೋಡಲಿಲ್ಲ. ಮೂರು ಗಂಟೆಗೆ ಕೈಯಲ್ಲಿ ಮಿಠಾಯಿ ಡಬ್ಬಿ ಹಿಡಿದುಕೊಂಡು ಮನೆಯ ಬೀದಿಗೆ ತಿರುಗಿದಾಗ ಬಾಗಿಲ ಮುಂದೆ ಮಗನ ಲಾರಿ ನಿಂತಿತ್ತು. ಮಗ ಹೆಂಡತಿಯನ್ನು ತೋಳಲ್ಲಿ ಎತ್ತಿಕೊಂಡು ಹೊರಗೆ ಬರುತ್ತಿದ್ದ. ಅವಳ ತಲೆ ಜೋತು ಬಿದ್ದಿತ್ತು.

"ಅಪ್ಪಾ, ಬಾಗಿಲು ತೆಗೀರಿ, ಲಾರಿ ಬಾಗಿಲು!"

ಜಿಲ್ಲಾ ಆಸ್ಪತ್ರೆಯ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಾಗಿರಲಿಲ್ಲ. ಕೊಳಚೆ ನೀರಿನಿಂದ ಬರುವ ಕಾಮಾಲೆ, ಮೈಗೆ ಸೇರಿ ತಿಂಗಳೋ ಒಂದೂವರೆ ತಿಂಗಳೋ ಆಗಿರಬೇಕು, ಬೇರೆಯವರು ಮಲಗಿ ಎದ್ದು ಬಿಡುತ್ತಾರೆ, ತುಂಬು ಬಸುರಿಯರನ್ನು ಮಾತ್ರ ಇದು ಬಿಡುವುದಿಲ್ಲ ಎಂದರು. ಲಿವರ್ ಕೈಕೊಟ್ಟು ಅದರ ವಿಷ ಮಿದುಳಿಗೆ ಏರಿತ್ತು. "ಮೂರು ನಾಲ್ಕು ದಿನ ಮುಂಚೆ ತಂದಿದ್ರೆ ಏನಾದ್ರೂ ಮಾಡಬಹುದಿತ್ತು. ಮನೇಲಿ ನೀರು ಕಾಯಿಸಿ ಕುಡೀತಿರ್ಲಿಲ್ವಾ?"

"ಇಲ್ಲ ಡಾಕ್ಟ್ರೆ" ಎಂದ ಮಗ. "ನಮ್ಮಪ್ಪನೇ ನೀರು ಪರೀಕ್ಷೆ ಮಾಡೋರು. ನಮ್ಮೂರ ನೀರಿಗೆ ಏನೂ ಆಗಿಲ್ಲ."

ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ಮಗ ಕೇಳಿದ. "ಯಾವತ್ತಿಂದ ಹೀಗಿತ್ತಪ್ಪಾ?"

ಮೇಷ್ಟ್ರು "ನೆನ್ನೆಯಿಂದ" ಎಂದರು.

ಮಗ ತಲೆಯಾಡಿಸಿದ. ಅಪ್ಪ ಹೇಳಿದ್ದನ್ನು ನಂಬದೆ ಇರುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಬುಧವಾರ ಬೆಳಗಿನ ಜಾವ ಮೊದಲು ಹೊಟ್ಟೆಯೊಳಗಿನ ಮಗು ಹೋಯಿತು, ಹೊತ್ತು ಏರುವಷ್ಟರಲ್ಲಿ ತಾಯಿಯೂ ಹೋದಳು. ಹನ್ನೊಂದು ವರ್ಷದಲ್ಲಿ ಮೇಷ್ಟ್ರು ಪೆಟ್ಟಿಗೆ ಹೊರದೆ ಕಳೆದ ಮೊದಲ ಬುಧವಾರ ಅದು.

ಗುರುವಾರ ಬೆಳಗ್ಗೆ ಅವರು ಅಡುಗೆಮನೆಗೆ ಹೋದರು. ಒಲೆಯ ಮೂಲೆಯಲ್ಲಿ ಸೋಸುವ ಬಟ್ಟೆ ಮಡಿಸಿದ ಹಾಗೇ ಇತ್ತು. ನಲ್ಲಿಯ ಬಾಯಿ ಸುಟ್ಟರು, ಎರಡು ನಿಮಿಷ ಕಾದರು, ಕೈಯಾರೆ ಬಾಟಲಿ ಹಿಡಿದರು. ನೀರು ತಣ್ಣಗಿತ್ತು, ನೋಡಲು ತಿಳಿಯಾಗಿಯೇ ಇತ್ತು. ತಾವೇ ಹೋಗಿ ಲ್ಯಾಬಿನ ಮೇಜಿನ ಮೇಲಿಟ್ಟರು. ಮೇಡಂ ಬಾಟಲಿಗೆ ಚೀಟಿ ಅಂಟಿಸಿ ತಾರೀಖು ಬರೆದರು.

ಶನಿವಾರ ಬೆಳಗ್ಗೆ ಮೇಡಂ ಫೋನು ಬಂತು. "ಎಣಿಸೋಕೆ ಆಗದಷ್ಟಿದೆ ಸರ್. ನೀರಲ್ಲ ಅದು, ಚರಂಡಿ. ರಿಪೋರ್ಟು ಅಧ್ಯಕ್ಷರ ಕೈಗೆ ಕೊಟ್ಟು ಬಂದೆ. ನಿಮ್ಮ ಮನೇಲಿ ಹೀಗಾಗಿರುವಾಗ ಈ ಮಾತು ಎತ್ತೋದು ಸರಿಯಲ್ಲ, ಮುಂದಿನ ತಿಂಗಳ ಸಭೇಲಿ ಇಡೋಣ ಅಂದ್ರು. ನಿಮ್ಮ ಮೇಲಿನ ಗೌರವಕ್ಕಂತೆ."

ಹನ್ನೊಂದು ಗಂಟೆಯ ಹೊತ್ತಿಗೆ ಮನೆ ತುಂಬ ಜನ. ಮೇಷ್ಟ್ರ ಮನೆಯ ದುಃಖಕ್ಕೆ ಬಾರದವರು ಯಾರು? ಹೆಂಡತಿ ಒಂದು ಮೂಲೆಯಲ್ಲಿ ಗೋಡೆಗೆ ಒರಗಿದ್ದಳು, ಮಗ ಅಪ್ಪನ ಪಕ್ಕ ಚಾಪೆಯ ಮೇಲೆ ಕೂತಿದ್ದ. ಅಡುಗೆಮನೆಯನ್ನು ನೆರೆಯ ಹೆಂಗಸರು ವಹಿಸಿಕೊಂಡಿದ್ದರು. ಬಿಸಿಲಲ್ಲಿ ನಡೆದು ಬಂದವರಿಗೆಂದು ಅವರಲ್ಲೊಬ್ಬಳು ದೊಡ್ಡ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿ ತಂದು ಎಲ್ಲರ ಕೈಗೂ ಕೊಟ್ಟಳು. ಒಳಗೆ ನಲ್ಲಿ ಸುರಿಯುವ ಸದ್ದು ಇನ್ನೂ ನಿಂತಿರಲಿಲ್ಲ.

ಮೇಷ್ಟ್ರು ಎದ್ದು ನಿಂತರು.

"ಕುಡೀಬೇಡಿ" ಎಂದರು. "ಯಾರೂ ಕುಡೀಬೇಡಿ. ಅದ್ರಲ್ಲಿ ಹೇಲಿದೆ."

ಅವರ ಬಾಯಿಂದ ಅಂಥ ಮಾತನ್ನು ಯಾರೂ ಕೇಳಿದ್ದಿಲ್ಲ. ಲೋಟ ಹಿಡಿದ ಕೈಗಳು ಅಲ್ಲಲ್ಲೇ ನಿಂತವು.

"ನೀವೆಲ್ಲ ನನಗೆ ಕುದಿಸಿದ ನೀರು ಕೊಟ್ರಿ. ನನಗೂ ಗೊತ್ತಿತ್ತು. ಬಾಟ್ಲಿ ಬೆಚ್ಚಗಿರ್ತಿತ್ತು, ಸುಮ್ನಿದ್ದೆ. ಚೆನ್ನಾಗಿದೆ ಅಂತ ಬರ್ದೆ. ನಮ್ಮನೇಲಿ ನೀರು ಕಾಯ್ಸೋದು ಬೇಡ ಅಂತ ನಾನೇ ಹೇಳ್ದೆ, ನೀವು ನಗ್ತೀರಿ ಅಂತ. ಅವಳ ಕಣ್ಣು ಹಳದಿ ಆಗಿದ್ದು ನಾನು ಶುಕ್ರವಾರಾನೇ ನೋಡಿದ್ದೆ. ಶುಕ್ರವಾರ! ಸೋಮವಾರ ಕಳೀಲಿ ಅಂದೆ. ನಾನೇ ಅಂದಿದ್ದು. ನಿಮ್ಮ ಮನೇಲೂ ಮಕ್ಕಳಿದ್ದಾರೆ, ಬಸುರಿಯರಿದ್ದಾರೆ. ಕೈ ಮುಗೀತೀನಿ, ಕೆಳಗಿಡಿ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದಲ್ಲಿ ಕೋಪವಿರಲಿಲ್ಲ, ಭಯವೂ ಇರಲಿಲ್ಲ, ಬರಿಯ ಅಯ್ಯೋ ಪಾಪ ಎಂಬ ಕನಿಕರ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಮೇಷ್ಟ್ರಿಗೆ ಅದು ಕೇಳಿಸಿತು.

ಎಲ್ಲರಿಗಿಂತ ಮುಂದೆ ಕೂತಿದ್ದವರು ಟೀಚರಮ್ಮ. ಅವರ ಕಣ್ಣಲ್ಲಿ ನೀರಿತ್ತು. "ಮೇಷ್ಟ್ರೆ" ಎಂದರು, ಹಟ ಮಾಡುವ ಮಗುವಿಗೆ ಹೇಳುವ ದನಿಯಲ್ಲಿ. "ನಿಮ್ಮಂಥ ಮರ್ಯಾದಸ್ಥರ ಮನೆ ನೀರು ಬೇಡ ಅಂತ ಎದ್ದು ಹೋಗೋ ಜನ ಅಲ್ಲ ನಾವು. ಇಂಥ ಹೊತ್ತಲ್ಲಿ ನಿಮಗೆ ಅವಮಾನ ಮಾಡ್ತೀವಾ?" ಎಂದು ಲೋಟ ಎತ್ತಿ ಬಾಯಿಗಿಟ್ಟರು.

ಮೇಷ್ಟ್ರು ಅವರ ಕೈಯಿಂದ ಲೋಟ ಕಿತ್ತುಕೊಳ್ಳಲು ನುಗ್ಗಿದರು. ಹಿಂದಿನಿಂದ ಮಗ ಅವರ ಎರಡೂ ತೋಳು ಹಿಡಿದು ಚಾಪೆಯ ಮೇಲೆ ಕೂರಿಸಿದ. ಅವನು ಎಲ್ಲ ಕೇಳಿಸಿಕೊಂಡಿದ್ದ. ಅವನ ಬೆರಳುಗಳು ಅಪ್ಪನ ತೋಳಿನ ಮೂಳೆಯವರೆಗೂ ಒತ್ತುತ್ತಿದ್ದವು, ಮುಖ ಮಾತ್ರ ಬಂದವರ ಕಡೆಗೇ ಇತ್ತು.

"ಕೂತ್ಕೊಳ್ಳಿ ಅಪ್ಪಾ" ಎಂದ. "ಮನೆಗೆ ಬಂದವರ ಎದುರು ಬೇಡ."

ಟೀಚರಮ್ಮ ಕೊನೆಯ ಗುಟುಕಿನವರೆಗೂ ಕುಡಿದು, ಎಲ್ಲರಿಗೂ ಕಾಣುವಂತೆ ಖಾಲಿ ಲೋಟವನ್ನು ತಟ್ಟೆಯ ಮೇಲಿಟ್ಟರು. ಅವರನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಲೋಟ ಎತ್ತಿದರು. ಅರ್ಧಕ್ಕೆ ಬಿಟ್ಟರೆ ಮೇಷ್ಟ್ರು ನೊಂದುಕೊಳ್ಳುತ್ತಾರೆಂದು ಎಲ್ಲರೂ ಪೂರ್ತಿ ಕುಡಿದರು.